ಶಾಲಿನಲ್ಲಿ ಉಳಿದವಳು

"ತಡೀರಿ, ಮುಚ್ಚಳ ತೆಗೀಬೇಡಿ!"

ಬೇಡಮ್ಮ ಕೂಗಿದ ರಭಸಕ್ಕೆ ನನ್ನ ಕೈಯಲ್ಲಿದ್ದ ಗಾಜಿನ ಭರಣಿ ಜಾರಿ ಬೀಳುವುದರಲ್ಲಿತ್ತು. ಅವಳು ಎದ್ದು ಕಿಟಕಿಗಳನ್ನೆಲ್ಲ ಮುಚ್ಚಿದಳು. ಫ್ಯಾನ್ ಆರಿಸಿದಳು. ಸಂಸ್ಥೆಯ ಯಜಮಾನನ ಮುಂದಿದ್ದ ಕಾಫಿ ಲೋಟವನ್ನು ಒಂದು ಮಾತೂ ಕೇಳದೆ ಎತ್ತಿಕೊಂಡು ಹೋಗಿ ಹೊರಗಿಟ್ಟು ಬಂದಳು. ಯಜಮಾನ ಏನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

ಬೇಡಮ್ಮ ಎಂಬುದು ಅಡ್ಡಹೆಸರು. ಸೆಂಟು ತಯಾರಿಸುವ ಈ ಸಂಸ್ಥೆಯಲ್ಲಿ ಪ್ರತಿಯೊಂದು ಹೊಸ ಮಿಶ್ರಣವನ್ನೂ ಮೂಸಿ ಬೇಕು, ಬೇಡ ಎಂದು ತೀರ್ಮಾನ ಹೇಳುವುದು ಅವಳ ಕೆಲಸ. ಬೇಕು ಎಂದದ್ದನ್ನು ಕೇಳಿದವರು ಕಡಿಮೆ, ಹಾಗಾಗಿ ಈ ಹೆಸರು ಅಂಟಿಕೊಂಡಿದೆ.

"ಹೂಂ, ಈಗ ತೆಗೀರಿ."

ಭರಣಿಯಲ್ಲಿದ್ದದ್ದು ಬೂದು ಬಣ್ಣದ ಉಣ್ಣೆ ಶಾಲಿನ ಒಂದು ತುಂಡು ಅಂಚು. ಇನ್‌ಸ್ಪೆಕ್ಟರ ತಲೆ ತಿಂದು, ಜಗಳ ಕಾದು, ಕೊನೆಗೆ ಅಂಗಲಾಚಿ ತಂದದ್ದು. ಆ ಶಾಲು ಇಲ್ಲಿ ಎಲ್ಲರೂ ಅಕ್ಕ ಎಂದು ಕರೆಯುತ್ತಿದ್ದವಳದ್ದು. ಈ ಸಂಸ್ಥೆಯ ಪರಿಮಳಗಳನ್ನೆಲ್ಲ ಕಟ್ಟುತ್ತಿದ್ದವಳು ಅವಳೇ. ಹೋದ ವಾರ ಇಲ್ಲಿನ ಒಳಕೋಣೆಯಲ್ಲಿ ಹೆಣವಾಗಿ ಸಿಕ್ಕಳು. ಅದೇ ಶಾಲನ್ನು ಯಾರೋ ಅವಳ ಮೂಗುಬಾಯಿಗೆ ಒತ್ತಿ ಹಿಡಿದಿದ್ದರು. ಇಡೀ ಕಸುಬಿನಲ್ಲೇ ಅಂಥ ಮೂಗು ಇನ್ನೊಂದಿರಲಿಲ್ಲವಂತೆ. ಆ ಮೂಗನ್ನೇ ಮುಚ್ಚಿ ಕೊಂದ ಪಾಪಿ ಯಾರೇ ಆಗಿರಲಿ, ನನಗೆ ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಶಾಲಿನಲ್ಲಿ ಇನ್ನೂ ಮಾರುಕಟ್ಟೆಗೆ ಬಾರದ ಹೊಸ ಸೆಂಟಿನ ವಾಸನೆ ಇತ್ತು. ಅಕ್ಕ ಸೆಂಟು ಹಚ್ಚಿಕೊಳ್ಳುವವಳಲ್ಲ. ಹಚ್ಚಿಕೊಂಡರೆ ಮೂಗು ಕೆಲಸಕ್ಕೆ ಬರುವುದಿಲ್ಲ. ಅಂದಮೇಲೆ ಅದು ಇನ್ನೊಬ್ಬರ ಮೈಯಿಂದ ಬಂದದ್ದು. ಮನೆಯಲ್ಲಿ ಅಕ್ಕನ ತಂಗಿಯ ಮೇಜಿನ ಡ್ರಾಯರಿನಲ್ಲಿ ಆ ಸೆಂಟಿನ ಸೀಸೆ ಸಿಕ್ಕಿತು. ಅಕ್ಕತಂಗಿಯರಿಗೆ ಜಗಳವಾಗಿದ್ದು ಅಕ್ಕಪಕ್ಕದವರಿಗೆಲ್ಲ ಗೊತ್ತಿತ್ತು. "ಕೊಲೆಯಾದ ಸಂಜೆ ನಾನು ಅಕ್ಕನ ಕಡೆ ಹೋಗಲೇ ಇಲ್ಲ" ಎಂದು ತಂಗಿ ಗೋಗರೆದರೂ ಪೊಲೀಸರು ಕೇಳಲಿಲ್ಲ. ಈಗ ಅವಳು ಲಾಕಪ್ಪಿನಲ್ಲಿದ್ದಾಳೆ.

ಖಾಸಗಿ ಪತ್ತೇದಾರಿಣಿಯಾದ ನನ್ನನ್ನು ಗೊತ್ತುಮಾಡಿದ್ದು ಇಬ್ಬರ ತಾಯಿ. "ಒಬ್ಬಳನ್ನ ಮಣ್ಣು ಮಾಡಿ ಬಂದಿದೀನಿ. ಇನ್ನೊಬ್ಬಳನ್ನ ಬಿಡಿಸಿ ಕೊಡು" ಎಂದಷ್ಟೇ ಆಕೆ ಹೇಳಿದ್ದು. ದೊಡ್ಡವಳ ಜೊತೆ ಮಾತು ಬಿಟ್ಟು ವರ್ಷಗಳೇ ಆದವು, ಅವಳ ಮುಖ ಕೂಡ ನೋಡಿರಲಿಲ್ಲ ಎಂದಿದ್ದಳು.

ಬೇಡಮ್ಮ ಭರಣಿಗೆ ಮೂಗು ತೂರಿಸಲಿಲ್ಲ. ಅಂಗೈ ಬೀಸಿ ವಾಸನೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ ತನ್ನ ಮೊಣಕೈಯ ಒಳಮಡಿಕೆಯನ್ನು ಮೂಸಿ, ಮೂಗನ್ನು ಸರಿಮಾಡಿಕೊಂಡು, ಮತ್ತೆ ಬೀಸಿದಳು.

"ಇದು ಅದಲ್ಲ."

"ಯಾವುದಲ್ಲ?"

"ತಂಗಿ ಹತ್ರ ಸಿಕ್ಕಿದ್ದನ್ನ ನನಗೆ ಸ್ಟೇಷನ್ನಲ್ಲಿ ತೋರಿಸಿದ್ರು. ಅದರಲ್ಲಿ ಪೀಚ್ ಹಣ್ಣಿದೆ. ಇದರಲ್ಲಿಲ್ಲ."

ನಾನೂ ಮೂಸಿದೆ. ನನ್ನ ಮೂಗು ನೆಗಡಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಉಪಯೋಗಕ್ಕೆ ಬಂದಿಲ್ಲ. ದೊಡ್ಡ ಹೋಟೆಲಿನ ಲಿಫ್ಟಿನಲ್ಲಿ ನಿಂತ ಹಾಗಾಯಿತು, ಅಷ್ಟೇ. ಅದನ್ನೇ ಹೇಳಿದೆ. ಬೇಡಮ್ಮ ನನ್ನನ್ನು ಕನಿಕರದಿಂದ ನೋಡಿದಳು.

"ಈ ಜಾತಿ ಸೆಂಟಿಗೆ ಹೂವಿನ ಶೀಪ್ರ್ ಅಂತಾರೆ. ಹಚ್ಚಿದ ತಕ್ಷಣ ಕಹಿ ಕಿತ್ತಳೆ ಸಿಪ್ಪೆ, ಮುಖಕ್ಕೆ ಬಾರಿಸಿದ ಹಾಗೆ ಬರುತ್ತೆ. ಅದು ಇಳಿದ ಮೇಲೆ ಗುಲಾಬಿ, ಮಲ್ಲಿಗೆ. ಆದ್ರೆ ಹೂವಿನ ಕೆಳಗೆ ಮರದ ತೊಗಟೆ ಮೇಲೆ ಬೆಳೆಯೋ ಕಲ್ಲುಹೂವಿದೆ, ಗಿಡದಿಂದ ಒಸರೋ ಕಪ್ಪು ಅಂಟಿದೆ. ಒದ್ದೆ ಮಣ್ಣು, ಹಳೇ ಚರ್ಮದ ಥರ. ಹೂವೆಲ್ಲ ಹೋದ ಮೇಲೂ ಅದು ಬಟ್ಟೇಲಿ ದಿನಗಟ್ಟಲೆ ಕೂತಿರುತ್ತೆ."

"ಇಂಥದ್ದನ್ನ ಯಾರು ಹಚ್ಕೋತಾರೆ?"

"ಎಲ್ಲರಿಗೂ ಇಷ್ಟ ಆಗ್ಬೇಕು ಅನ್ನೋ ಹಂಬಲ ಇಲ್ಲದವರು."

"ಅದಕ್ಕೇ ಇದು ಮಾರಾಟ ಆಗಲ್ಲ ಅಂದಿದ್ದು ನಾನು!" ಯಜಮಾನ ಒಮ್ಮೆಲೇ ಜೀವ ಬಂದವನಂತೆ ಮುಂದೆ ಬಾಗಿದ. "ಪೀಚ್ ಹಾಕು, ಸ್ವಲ್ಪ ನಗಲಿ ಅಂದೆ. ಹಾಕಿದ್ಲು. ಆಮೇಲೆ ತೆಗೀತೀನಿ ಅಂತ ಹಠ. 'ಅವಳು ಹಾಗೆ ನಗಲ್ಲ' ಅಂತ."

"ಅದಕ್ಕೆ ನೀವು ಏನಂದ್ರಿ?"

"ಕೂಗಾಡಿದೆ. ಮೆಟ್ಟಿಲವರೆಗೂ ಕೇಳಿಸಿರಬೇಕು. ಹಾಗಂತ ಪೀಚ್ ಹಣ್ಣಿಗೋಸ್ಕರ ಯಾರಾದ್ರೂ ಕೊಲೆ ಮಾಡ್ತಾರಾ ಮೇಡಂ?"

"ಇದಕ್ಕಿಂತ ಚಿಲ್ಲರೆ ವಿಷಯಕ್ಕೆ ಮಾಡಿದವರನ್ನ ನೋಡಿದೀನಿ."

ಫ್ಯಾನು ಆರಿಸಿದ್ದಕ್ಕೋ ಏನೋ, ಯಜಮಾನ ಹಣೆ ಒರೆಸಿಕೊಂಡ. ಅವನನ್ನು ಅಷ್ಟಕ್ಕೇ ಬಿಟ್ಟೆ. ನನ್ನ ತಲೆಯಲ್ಲಿ ಬೇರೆ ಹುಳ ಹೊಕ್ಕಿತ್ತು.

"ಅವಳು ನಗಲ್ಲ ಅಂದ್ಲಲ್ಲ. ಅವಳು ಅಂದ್ರೆ ಯಾರು?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಹೇಳಿದ್ದು ಬೇಡಮ್ಮ. ಇಲ್ಲಿ ಯಾವ ಸೆಂಟನ್ನೂ ಹಾಗೇ ಬೆರೆಸಲು ಕೂರುವುದಿಲ್ಲ. ಮೊದಲು ಅದನ್ನು ಹಚ್ಚಿಕೊಳ್ಳುವ ಹೆಂಗಸನ್ನು ಹುಟ್ಟಿಸುತ್ತಾರೆ. ಬೆಳಿಗ್ಗೆ ಈ ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಅವಳ ಬಗ್ಗೆ ಒಂದೊಂದು ಮಾತು ಹೇಳಬೇಕು. ಹೇಗೆ ನಡೆಯುತ್ತಾಳೆ, ಯಾವುದಕ್ಕೆ ಸಿಡುಕುತ್ತಾಳೆ, ಯಾರನ್ನು ಬಿಟ್ಟು ಬಂದಿದ್ದಾಳೆ. ಯಾರೂ ಬರೆದುಕೊಳ್ಳುವಂತಿಲ್ಲ. ಒಪ್ಪದ ಮಾತನ್ನು ಉಳಿದವರು ಕಿತ್ತುಹಾಕುತ್ತಾರೆ. ಮನಸ್ಸಿನಲ್ಲಿ ಉಳಿದುಕೊಂಡ ಹೆಂಗಸಿಗೆ ತಕ್ಕ ಹಾಗೆ ಅಕ್ಕ ಪರಿಮಳ ಕಟ್ಟುತ್ತಿದ್ದಳು.

ಇಲ್ಲದ ಹೆಂಗಸಿನ ಮೇಲೆ ದಿನಾ ಚಾಡಿ ಹೇಳುವುದಕ್ಕೂ ಸಂಬಳ ಕೊಡುತ್ತಾರೆಂದು ನನಗೆ ಗೊತ್ತಿರಲಿಲ್ಲ.

"ಈಗ ಹೇಳಿ. ನಾನಿಲ್ಲಿ ಇಲ್ಲ ಅಂದ್ಕೊಳ್ಳಿ," ಎಂದೆ.

ಅಕ್ಕನ ಕುರ್ಚಿ ಖಾಲಿ ಇತ್ತು. ಇಬ್ಬರೂ ಆ ಕಡೆ ನೋಡುವುದನ್ನು ತಪ್ಪಿಸುತ್ತಿದ್ದರು.

"ಅವಳಿಗೆ ಸಂಗೀತ ಅಂದ್ರೆ ಪ್ರಾಣ," ಯಜಮಾನ ಶುರುಮಾಡಿದ.

"ಅದು ನಿಮ್ಮದು. ಅಕ್ಕ ಅವತ್ತೇ ತೆಗೆದುಹಾಕಿದ್ಲು," ಎಂದಳು ಬೇಡಮ್ಮ.

"ನನಗೆ ಅಕ್ಕ ಹೇಳಿದ್ದು ಮಾತ್ರ ಬೇಕು."

ಬೇಡಮ್ಮ ಕಣ್ಣು ಮುಚ್ಚಿಕೊಂಡಳು. "ಕೂತಾಗ ಬೆನ್ನು ಕುರ್ಚಿಗೆ ತಾಗಿಸಲ್ಲ. ಸುಸ್ತಾಗಿದ್ರೂ ಅಷ್ಟೇ."

"ಸರಿ."

"ಹೊಸಬರು ಎದುರಿಗೆ ಬಂದ್ರೆ ಮೊದಲು ಕೈ ನೋಡ್ತಾಳೆ. ಮುಖ ಆಮೇಲೆ."

ನಾನು ಬೆರಳುಗಳನ್ನು ಮಡಚಿಕೊಂಡೆ. ಯಾಕೆಂದು ಆ ಕ್ಷಣ ನನಗೇ ತಿಳಿಯಲಿಲ್ಲ.

"ಅಳೋರಿಗೆ ನೀರು ಕೊಡ್ತಾಳೆ, ಹೆಗಲು ಕೊಡಲ್ಲ. ಹೊರಡುವಾಗ ಬರ್ತೀನಿ ಅನ್ನಲ್ಲ, ಎದ್ದು ನಡೆದುಬಿಡ್ತಾಳೆ. ತಪ್ಪಾಯ್ತು ಅನ್ನೋ ಮಾತು ಗಂಟಲವರೆಗೂ ಬರುತ್ತೆ, ಅಲ್ಲೇ ನುಂಗ್ತಾಳೆ. ಯಾರನ್ನೂ ಮುಟ್ಟಲ್ಲ. ಅದಕ್ಕೇ ಈ ಪರಿಮಳ ಮೈಯಿಂದ ಒಂದು ಗೇಣು ಆಚೆ ನಿಲ್ಲಬೇಕು ಅಂತ ಅಕ್ಕ ಹೇಳ್ತಿದ್ಲು. ಹತ್ತಿರ ಹೋಗೋ ಧೈರ್ಯ ಇದ್ದವರಿಗೆ ಮಾತ್ರ ಹೂವು."

ನನ್ನ ಆಫೀಸಿಗೆ ಬಂದ ಆ ತಾಯಿ ಬಾಗಿಲಲ್ಲೇ ನಿಂತು ಮೊದಲು ನನ್ನ ಕೈ ನೋಡಿದ್ದಳು. "ಉಗುರು ಕಚ್ಚೋದು ಬಿಡು" ಎಂದು ಗದರಿಸಿದ ಮೇಲೆಯೇ ಕೂತದ್ದು. ಕೂತಷ್ಟು ಹೊತ್ತೂ ಬೆನ್ನು ಕೋಲಿನ ಹಾಗೆ ನೆಟ್ಟಗಿತ್ತು. ಮಗಳನ್ನು ಮಣ್ಣು ಮಾಡಿದ ಮಾತು ಹೇಳಿದಾಗ ಕಣ್ಣಲ್ಲಿ ನೀರು ಬಂದದ್ದು ನನಗೆ. ಮೇಜಿನ ಮೇಲಿನ ನೀರಿನ ಲೋಟವನ್ನು ನನ್ನ ಕಡೆಗೆ ತಳ್ಳಿದ್ದು ಆಕೆ! ಹೇಳುವುದು ಮುಗಿದದ್ದೇ ಎದ್ದು ಹೋಗಿದ್ದಳು.

"ಪೀಚ್ ತೆಗೆದದ್ದು ಯಾವತ್ತು?"

"ಕೊನೇ ದಿನವೇ. ಒಂದೇ ಒಂದು ಪುಟಾಣಿ ಸೀಸೆ ಮಾಡಿದ್ಲು. ಸಂಜೆ ಅದನ್ನ ತಗೊಂಡು ಹೊರಟಳು. 'ಅವಳಿಗೇ ಹಚ್ಚಿ ನೋಡಿ, ವಾಪಸ್ ಬಂದು ಕೆಲಸ ಮುಗಿಸ್ತೀನಿ' ಅಂದ್ಲು. ನಾವಿಬ್ರೂ ನಕ್ಕುಬಿಟ್ವಿ." ಬೇಡಮ್ಮ ಕಣ್ಣು ತೆರೆದಳು. ನನ್ನ ಮುಖ ನೋಡಿ ಅವಳಿಗೂ ಅರ್ಥವಾಗಿರಬೇಕು. "ಅಯ್ಯೋ... ನಿಜವಾಗ್ಲೂ ಇದ್ದಾಳಾ?"

ನಾನು ಭರಣಿಯ ಮುಚ್ಚಳವನ್ನು ಕೈಗೆತ್ತಿಕೊಂಡೆ.

"ಒಂದಿನ ನಾನು, ಇವಳು ಜೀವಮಾನದಲ್ಲಿ ಯಾರನ್ನೂ ಪ್ರೀತಿಸಿಲ್ಲ ಅಂದಿದ್ದೆ. ಬುದ್ಧಿವಂತಳ ಹಾಗೆ. ಅಕ್ಕ ಅವತ್ತಿಡೀ ನನ್ನ ಜೊತೆ ಮಾತಾಡಲಿಲ್ಲ," ಎಂದು ಬೇಡಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪಾಪ, ಬದುಕಿರುವ ಹೆಂಗಸನ್ನು ಎದುರಿಗೆ ಕೂರಿಸಿಕೊಂಡ ಹಾಗೆ ತಿಂಗಳಾನುಗಟ್ಟಲೆ ತಿದ್ದಿದ್ದಾರೆ, ಯಾರ ತಾಯಿಯನ್ನು ತಿದ್ದುತ್ತಿದ್ದೇವೆಂದು ಗೊತ್ತಿಲ್ಲದೆ.

ನಾನು ಭರಣಿಯ ಮುಚ್ಚಳ ಬಿಗಿದು ಎದ್ದೆ.

*

ತಾಯಿಯದು ಚರ್ಮದ ಕೈಗವಸು ಹೊಲಿಯುವ ಅಂಗಡಿ. ಇಕ್ಕಟ್ಟಾದ ಬೀದಿ, ಗಾಜಿನ ಬಾಗಿಲು, ಒಳಗೆ ಗೋಡೆಯುದ್ದಕ್ಕೂ ಮರದ ಕೈಗಳ ಸಾಲು. ಹದಮಾಡಿದ ಚರ್ಮದ ವಾಸನೆ ಮೂಗಿಗೆ ಬಡಿಯಿತು. ಭರಣಿಯ ತಳದಲ್ಲಿ ಬೇಡಮ್ಮನಿಗೆ ಸಿಕ್ಕಿದ್ದು ಇದೇ ಇರಬೇಕು ಎಂದು ನನ್ನಂಥ ಮೂಗಿಲ್ಲದವಳಿಗೂ ಅನ್ನಿಸಿತು. ಮಗಳು ತಾಯಿಯ ಅಂಗಡಿಯನ್ನೇ ಹೂವಿನ ಕೆಳಗೆ ಬಚ್ಚಿಟ್ಟಿದ್ದಳು.

ಆಕೆ ನಿಂತುಕೊಂಡೇ ಕತ್ತರಿ ಆಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಬಿಡಿಸಿದ್ಯಾ?"

"ಬಿಡಿಸಬಹುದು. ಶಾಲಿನ ಮೇಲಿರೋದು ಚಿಕ್ಕವಳು ಹಚ್ಕೊಳ್ಳೋ ಸೆಂಟಲ್ಲ."

ಕತ್ತರಿ ನಿಂತಿತು. ಆಕೆಯ ಮುಖದಲ್ಲಿ ಆಸೆ ಮೂಡಿದ್ದನ್ನು ನೋಡಿ ನನಗೆ ಸಂಕಟವಾಯಿತು.

"ಮತ್ತೆ ಇಲ್ಲಿಗ್ಯಾಕೆ ಬಂದೆ? ಹೋಗಿ ಅದನ್ನ ಹೇಳು ಅವರಿಗೆ."

"ಹೇಳಿದ್ರೆ, ಹಾಗಾದ್ರೆ ಯಾರದು ಅಂತ ಕೇಳ್ತಾರೆ."

ಆಕೆ ಕತ್ತರಿಸಿದ ಚರ್ಮದ ಚೂರುಗಳನ್ನು ಒಂದು ಕಡೆ ಸರಿಸಿದಳು.

"ದೊಡ್ಡವಳ ಮುಖ ನೋಡಿ ವರ್ಷಗಳಾಯ್ತು ಅಂದ್ರಿ ನನ್ನ ಹತ್ರ. ಕಣ್ಣಲ್ಲಿ ಕಣ್ಣಿಟ್ಟು ಅಂದ್ರಿ. ಅವತ್ತು ಸಂಜೆ ಅವಳು ಇಲ್ಲಿಗೆ ಬಂದಿದ್ಲು ಅಲ್ವಾ?"

ಕತ್ತರಿಯನ್ನು ಮೇಜಿನ ಮೇಲಿಡಲು ಆಕೆ ಬಹಳ ಹೊತ್ತು ತೆಗೆದುಕೊಂಡಳು. ಆಮೇಲೆ ಬಲಗೈಯ ಮಣಿಕಟ್ಟನ್ನು ಮೇಲ್ಮುಖವಾಗಿ ತಿರುಗಿಸಿ, ಅದನ್ನೇ ನೋಡುತ್ತಾ ಮಾತಾಡಿದಳು.

"ಇಲ್ಲೇ ಹಚ್ಚಿದ್ಲು. ಕೈ ಹಿಡ್ಕೊಂಡು. ಅಂಗಡಿ ನೋಡ್ಕೊಳ್ಳೇ ಅಂದ್ರೆ ಹೂವಿನ ವಾಸನೆ ಮಾರೋಕೆ ಹೋಗ್ತೀಯಾ, ಹೋಗು, ಮತ್ತೆ ಈ ಬಾಗಿಲು ತುಳೀಬೇಡ ಅಂದಿದ್ದೆ. ತುಳಿದಿರಲಿಲ್ಲ ಅವಳು. ಅವತ್ತು ಬಂದ್ಲು. ಏನಿದು ಅಂದೆ. ಇದು ನೀನಮ್ಮ ಅಂದ್ಲು."

"ನೀವೇನಂದ್ರಿ?"

"ನಾನು ಇಷ್ಟು ಕಹೀನಾ ಅಂದೆ. ಮೊದಮೊದಲು ಅಷ್ಟೇ, ಸ್ವಲ್ಪ ಹೊತ್ತು ಕಾಯಮ್ಮ ಅಂದ್ಲು. ಇಬ್ರೂ ಇಲ್ಲೇ ನಿಂತು ಕಾದ್ವಿ. ಮಾತಾಡಲಿಲ್ಲ. ಆಮೇಲೆ ಗುಲಾಬಿ ಬಂತು." ಆಕೆ ಮಣಿಕಟ್ಟನ್ನು ಸೀರೆಗೆ ಒತ್ತಿಕೊಂಡಳು. "ಹೊರಡುವಾಗ ಅವಳ ಶಾಲು ಜಾರಿತ್ತು. ಹೊರಗೆ ಚಳಿ. ಕತ್ತಿನ ಸುತ್ತ ಸರಿಯಾಗಿ ಸುತ್ತಿ ಕಳಿಸ್ದೆ. ಅಷ್ಟೇ ನಾನು ಮಾಡಿದ್ದು."

ಕೊಲೆಗಾರ್ತಿಯ ಗುರುತೆಂದು ಪೊಲೀಸರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ವಾಸನೆ, ಎಷ್ಟೋ ವರ್ಷಗಳ ಮೇಲೆ ತಾಯಿ ಮಗಳನ್ನು ಮುಟ್ಟಿದ ಗುರುತಾಗಿತ್ತು. ಅದು ಹೊಳೆದ ಬೆನ್ನಿಗೇ ಸಿಟ್ಟೂ ಬಂತು.

"ಇದನ್ನ ಮೊದಲೇ ಬಾಯಿ ಬಿಟ್ಟಿದ್ರೆ ಏನಾಗ್ತಿತ್ತು? ಸೆಂಟಿನ ಮೇಲೇ ನಿಂತಿರೋ ಕೇಸು ಇದು. ಚಿಕ್ಕವಳು ಅವತ್ತೇ ಮನೆಗೆ ಬರ್ತಿದ್ಲು! ಯಾಕೆ ಮುಚ್ಚಿಟ್ರಿ?"

"ಅದು ನಿನಗೆ ಬೇಡ."

"ಬೇಡ ಅಂದ್ರೆ? ಮಗಳನ್ನ ಬಿಡಿಸು ಅಂತೀರಿ, ಬಿಡಿಸೋ ಕೀಲಿಕೈನ ಸೆರಗಿಗೆ ಗಂಟು ಹಾಕ್ಕೊಂಡು ಕೂತಿದೀರಿ!"

ಆಕೆ ಮತ್ತೆ ಕತ್ತರಿಗೆ ಕೈ ಹಾಕಿದಳು. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಇನ್‌ಸ್ಪೆಕ್ಟರು.

"ಓಡಾಡಿ ಸುಸ್ತಾಗ್ಬೇಡಿ. ತಂಗಿ ಒಪ್ಕೊಂಡ್ಲು. ನಾನೇ ಕೊಂದೆ ಅಂತ ಬರೆದು ಸಹಿನೂ ಹಾಕಿದ್ಲು."

"ಏನು? ಹೊಡೆದ್ರಾ ಅವಳನ್ನ?"

"ಛೆ ಛೆ, ಬೆರಳು ಸೋಕಿಸಿಲ್ಲ. ಗುರುತು ಹಿಡಿಯೋಕೆ ಅಂತ ಶಾಲನ್ನ ಮುಂದೆ ಇಟ್ವಿ. ಅಲ್ಲಿವರೆಗೂ ನಾನಲ್ಲ ನಾನಲ್ಲ ಅಂತಿದ್ಲು. ಅದನ್ನ ಮೂಸಿದ್ಲು ನೋಡಿ, ಮುಖ ಬಿಳಿಚ್ಕೊಂಡ್ತು. ಪೇಪರ್ ಕೊಡಿ ಅಂದ್ಲು."

ನಾನು ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟೆ. ತಾಯಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸುತ್ತಿ ಬಳಸಿ ಹೇಳಿದರೆ ಆಕೆ ಸಹಿಸುವವಳಲ್ಲ.

"ಶಾಲು ಮೂಸಿದ ಮೇಲಾ?" ಆಕೆ ಕೇಳಿದಳು.

"ಹೌದಂತೆ."

"ಅವತ್ತು ನಾನು ಮನೆಗೆ ಹೋದಾಗ ಬಾಗಿಲು ತೆಗೆದದ್ದು ಅವಳೇ. ಅಮ್ಮ, ನೀನು ಸೆಂಟು ಹಾಕಿದೀಯಾ ಅಂತ ಕೆಂಪು ಕಣ್ಣಲ್ಲೇ ನಕ್ಕಿದ್ಲು." ಆಕೆಯ ದನಿ ಬಹಳ ಕೆಳಗಿತ್ತು, ನಾನು ಬಗ್ಗಿ ಕೇಳಬೇಕಾಯಿತು. "ಶಾಲಿನಲ್ಲಿ ನನ್ನ ವಾಸನೆ ಸಿಕ್ಕಿದೆ ಅವಳಿಗೆ. ನಾನೇ ಕೊಂದೆ ಅಂದ್ಕೊಂಡು ತಲೆ ಕೊಟ್ಟಿದ್ದಾಳೆ."

"ನೀವು ಅವತ್ತು ಎಲ್ಲಿಂದ ಮನೆಗೆ ಹೋದ್ರಿ? ಅಂಗಡಿಯಿಂದಲಾ?"

"ಅಲ್ಲ. ದೊಡ್ಡವಳು ಹೋದ ಮೇಲೆ ತಡೀಲಾರದೆ ಹಿಂದೇನೇ ಹೋದೆ. ಒಂದು ಮಾತು ಹೇಳೋದಿತ್ತು. ಅವಳ ಕೆಲಸದ ಮನೆ ಎದುರಿಗೆ ನಿಂತಿದ್ದೆ. ಮೆಟ್ಟಿಲು ಹತ್ತೋಕೆ ಆಗಲಿಲ್ಲ. ಹಾಗೇ ತಿರುಗಿ ಬಂದೆ."

ಹೇಳುತ್ತ ಹೇಳುತ್ತ ಆಕೆ ತಟ್ಟನೆ ನಿಂತಳು. ಕಣ್ಣು ಅಗಲವಾದವು. ಇಷ್ಟು ದಿನ ನಾನು ನೋಡಿದ ಕಲ್ಲಿನಂಥ ಮುಖ ಕಣ್ಣೆದುರಿಗೇ ಕರಗಿಹೋಯಿತು.

"ಹಾಗಾದ್ರೆ ಅವಳಲ್ಲ!"

"ಯಾರಲ್ಲ?"

"ನನ್ನ ಚಿಕ್ಕವಳು! ಅವಳು ಕೊಂದಿಲ್ಲ! ಕೊಂದಿದ್ರೆ ನಾನು ಕೊಂದೆ ಅಂತ ಯಾಕೆ ಅಂದ್ಕೋತಾಳೆ?"

ನಾನು ಬೆಪ್ಪಾಗಿ ನಿಂತೆ. "ನೀವು... ಇಷ್ಟು ದಿನ ಅವಳೇ ಕೊಂದಿದ್ದು ಅಂತ ನಂಬಿದ್ರಾ?"

ಆಕೆ ಕುರ್ಚಿಗೆ ಕುಸಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾರೆ. ಒಬ್ಬ ಮಗಳನ್ನು ಕಳೆದುಕೊಂಡ ತಾಯಿ, ಇನ್ನೊಬ್ಬಳು ಅವಳನ್ನು ಕೊಂದಳೆಂಬ ನಂಬಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು, ಅದೇ ಮಗಳನ್ನು ಬಿಡಿಸಲು ನನ್ನ ಬಳಿ ಬಂದಿದ್ದಳು. ಈಗ ಆ ಭಾರ ಇಳಿದಿತ್ತು. ಮಾತು ಕಟ್ಟೆಯೊಡೆದ ಹಾಗೆ ಬಂತು, ಜೋರಾಗಿ, ಬೀದಿಗೆ ಕೇಳುವ ಹಾಗೆ.

"ನಾನು ನೋಡಿದ್ನಲ್ಲ ಅವಳನ್ನ! ಕಣ್ಣಾರೆ ನೋಡಿದೆ! ದೊಡ್ಡವಳ ಮೆಟ್ಟಿಲು ಇಳಿದು, ಅಳ್ತಾ ಓಡಿಹೋದ್ಲು ಚಿಕ್ಕವಳು! ಜಗಳ ಆಡೋಕೆ ಹೋಗಿದ್ಲೋ, ರಾಜಿಗೆ ಹೋಗಿದ್ಲೋ, ದೇವರಿಗೇ ಗೊತ್ತು. ಮರುದಿನ ಹೆಣ ಸಿಕ್ತು ಅಂದಾಗ ಇವಳೇ ಅಂದ್ಕೊಂಡೆ. ಅದಕ್ಕೇ ಬಾಯಿ ಬಿಡಲಿಲ್ಲ ಕಣೇ. ನಾನಲ್ಲಿ ನಿಂತಿದ್ದೆ ಅಂದ್ರೆ ಏನು ನೋಡಿದೆ ಅಂತ ಕೇಳ್ತಿದ್ರು!"

"ಹಲೋ?"

ಇಬ್ಬರೂ ಮೇಜಿನ ಕಡೆ ತಿರುಗಿದೆವು. ನಾನು ಫೋನನ್ನು ಇಟ್ಟಿದ್ದೆ, ಕರೆಯನ್ನು ಕಡಿದಿರಲಿಲ್ಲ.

"ಹಲೋ, ಅವರೇನಂದ್ರು ಈಗ? ಮಗಳು ಅಲ್ಲಿಂದ ಓಡಿಹೋದದ್ದನ್ನ ಕಣ್ಣಾರೆ ನೋಡಿದ್ರಾ? ಅವಳು ಆ ಕಡೆ ಹೋಗೇ ಇಲ್ಲ ಅಂದಿದ್ಲಲ್ರೀ!"

ಬರೀ ಒಪ್ಪಿಗೆಯನ್ನು ಒಳ್ಳೆಯ ವಕೀಲನೊಬ್ಬ ಅಲ್ಲಾಡಿಸಬಹುದಿತ್ತು. ಸೆಂಟಿನ ಸಾಕ್ಷಿಯನ್ನು ನಾನೇ ಮುರಿದಿದ್ದೆ. ಆದರೆ ಕಣ್ಣಾರೆ ಕಂಡ ಹೆತ್ತ ತಾಯಿಯ ಮಾತನ್ನು ಯಾರು ಅಲ್ಲಾಡಿಸುತ್ತಾರೆ? ನನ್ನ ಒಂದು ಬೆರಳಿನ ಅಜಾಗರೂಕತೆಯಿಂದ, ಆ ಹುಡುಗಿಯ ಕೊರಳಿಗೆ ತಾಯಿಯ ಕೈಯಿಂದಲೇ ಗಂಟು ಬಿದ್ದಿತ್ತು.

"ಫೋನು ಅವರಿಗೆ ಕೊಡಿ," ಎಂದಿತು ದನಿ.

ಬೇಡ ಎಂದು ತಲೆ ಅಲ್ಲಾಡಿಸಿದೆ. ಏನೂ ಹೇಳಬೇಡಿ, ವಕೀಲರು ಬರಲಿ ಎಂದು ಸನ್ನೆ ಮಾಡಿದೆ. ಆಕೆ ನನ್ನನ್ನು ನೋಡಲಿಲ್ಲ. ಕಣ್ಣೊರೆಸಿಕೊಂಡು ಎದ್ದು, ಫೋನನ್ನು ತಾನೇ ಎತ್ತಿಕೊಂಡಳು.

"ಹೇಳಿ."

"ನೋಡಮ್ಮ, ಸರಿಯಾಗಿ ಯೋಚನೆ ಮಾಡಿ ಹೇಳಿ. ಅವತ್ತು ಸಂಜೆ ನಿಮ್ಮ ಚಿಕ್ಕ ಮಗಳು ಆ ಮೆಟ್ಟಿಲು ಇಳಿದು ಹೋದದ್ದು ನಿಜವಾ?"

"ನಿಜ," ಎಂದಳು ಆಕೆ. ಮೆಟ್ಟಿಲ ಕೆಳಗಿಂದಲೇ ತಿರುಗಿ ಬಂದೆ ಎಂದು ಈಗಷ್ಟೇ ನನಗೆ ಮೆಲ್ಲಗೆ ಹೇಳಿದ್ದವಳ ದನಿ ಒಂಚೂರೂ ನಡುಗಲಿಲ್ಲ. "ಅವಳು ಇಳಿದು ಹೋದಳು. ಆಮೇಲೆ ನಾನು ಹತ್ತಿದೆ."